ಕೋರ್ ಮೆಮೊರಿಯೊಳಗೆ ಏನಿತ್ತು? ಒಂದು ಪಿಡಿಪಿ-8/ಇ ದುರಸ್ತಿಯ ಪ್ರಕರಣ

ಹಳೆಯ ಮಿನಿಕಂಪ್ಯೂಟರ್ ಮನೆಗೆ ಬಂದ ತಕ್ಷಣ ಎಲ್ಲರಿಗೂ ಅನ್ನಿಸುವುದು ಒಂದೇ: ಪ್ಲಗ್ ಹಾಕಿ, ಆನ್ ಮಾಡಿ ನೋಡೇ ಬಿಡೋಣ. ಹಾಗೆ ಮಾಡಿದರೆ ಹೊಗೆ ಬರಬಹುದು, ಚಿಪ್ಪುಗಳು ಸುಡಬಹುದು. ಇದು ಈ ಹವ್ಯಾಸ ಇರುವವರಿಗೆಲ್ಲ ಗೊತ್ತಿರುವ ಮಾತು. ಈ ಯಂತ್ರದ ವಿಷಯದಲ್ಲಿ ತಡೆದು ನಿಲ್ಲಲು ಇನ್ನೊಂದು ಕಾರಣವೂ ಇತ್ತು. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಅದಕ್ಕೇ ಈ ಬರಹ.

ಯಂತ್ರ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ, ಅಂದರೆ ಡೆಕ್‌ನ, ಪಿಡಿಪಿ-8/ಇ. ಮ್ಯಾಸಚೂಸೆಟ್ಸ್‌ನ ಮೇನಾರ್ಡ್ ಊರಿನ ಹಳೇ ಉಣ್ಣೆ ಗಿರಣಿಯಲ್ಲಿ 1957ರಲ್ಲಿ ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಶುರು ಮಾಡಿದ ಕಂಪನಿ ಅದು. ಮೊದಲ ಪಿಡಿಪಿ-8 ಬಂದದ್ದು 1965ರಲ್ಲಿ, ಬೆಲೆ ಸುಮಾರು 18,000 ಡಾಲರ್. ಕಂಪ್ಯೂಟರ್ ಅಂದರೆ ಲಕ್ಷಾಂತರ ಡಾಲರ್ ಇದ್ದ ಕಾಲದಲ್ಲಿ ಒಂದು ಲ್ಯಾಬ್ ತನ್ನದೇ ದುಡ್ಡಲ್ಲಿ ಕೊಳ್ಳಬಹುದಾದ ಯಂತ್ರ. 8/ಇ ಬಂದದ್ದು 1970ರಲ್ಲಿ. ಅದರಲ್ಲಿ ಬಿಡಿ ಟ್ರಾನ್ಸಿಸ್ಟರ್‌ಗಳ ಬದಲು ಟಿಟಿಎಲ್ ಅನ್ನುವ ಬಗೆಯ ಲಾಜಿಕ್ ಚಿಪ್ಪುಗಳು, ಎಲ್ಲ ಬೋರ್ಡುಗಳೂ ಕೂರುವ ಓಮ್ನಿಬಸ್ ಅನ್ನುವ ಒಂದೇ ಬಸ್ಸು, ಅಂದರೆ ಅವನ್ನೆಲ್ಲ ಸೇರಿಸುವ ತಂತಿಸಾಲು. ಬೆಲೆ ಇನ್ನೂ ಕಮ್ಮಿ. ಪದದ ಅಗಲ 12 ಬಿಟ್, ಮೂಲ ಆದೇಶಗಳು ಎಂಟೇ ಎಂಟು, ಮೆಮೊರಿ 4096 ಪದ. (ನಮ್ಮಲ್ಲಿ ಹೈದರಾಬಾದಿನ ಇಸಿಐಎಲ್ ಮಾಡಿದ ಟಿಡಿಸಿ-12 ಕೂಡ 12 ಬಿಟ್‌ನದ್ದೇ. ಆಗ ಆ ಅಳತೆ ವಿಚಿತ್ರ ಅನ್ನಿಸುತ್ತಿರಲಿಲ್ಲ.)

ಈ 8/ಇ ಕೊಂಡವರು ನನ್ನ ಹಿರಿಯ ಗೆಳೆಯರು. ಹಾಸನದ ಕಡೆಯವರು, ಎಲೆಕ್ಟ್ರಾನಿಕ್ಸ್ ಓದಿ, ಮ್ಯಾಸಚೂಸೆಟ್ಸ್‌ಗೆ ಬಂದು ಇಲ್ಲೇ ನಿವೃತ್ತರಾದವರು. ಮಾರಿದವರ ಗ್ಯಾರೇಜಿನಲ್ಲಿ ಇದು ಎಷ್ಟೋ ವರ್ಷ ಟಾರ್ಪಾಲಿನ ಕೆಳಗೆ ಕೂತಿತ್ತು. ಯಾವುದೋ ಕಾಲೇಜಿನ ಲ್ಯಾಬಿನಿಂದ ಹರಾಜಿನಲ್ಲಿ ಬಂದದ್ದು ಅಂತಷ್ಟೇ ಅವರಿಗೆ ನೆನಪು. ಏನು ಕೆಲಸಕ್ಕೆ ಬಳಸುತ್ತಿದ್ದರು, ಕೊನೆಗೆ ಯಾವಾಗ ಓಡಿತ್ತು, ಒಂದೂ ಗೊತ್ತಿಲ್ಲ. ಇಡಿಯಾಗಿ ಸಿಕ್ಕಿದ್ದೇ ಪುಣ್ಯ. ಬೋರ್ಡುಗಳ ಅಂಚಿನ ಚಿನ್ನದ ಲೇಪಕ್ಕಾಗಿ ಗುಜರಿಯವರು ಕರಗಿಸಿದ ಮಿನಿಕಂಪ್ಯೂಟರ್‌ಗಳು ಲೆಕ್ಕವಿಲ್ಲದಷ್ಟು.

ತಡೆದು ನಿಲ್ಲಲು ಕಾರಣ

ಇದರಲ್ಲಿದ್ದದ್ದು ಕೋರ್ ಮೆಮೊರಿ. ಸಾಸಿವೆಗಿಂತ ಸಣ್ಣ ಫೆರೈಟ್ ಉಂಗುರಗಳು, ಅವುಗಳೊಳಗೆ ಹೆಣೆದ ತೆಳು ತಂತಿಗಳು. ಒಂದು ಉಂಗುರಕ್ಕೆ ಒಂದು ಬಿಟ್. ಉಂಗುರ ಈ ದಿಕ್ಕಿಗೆ ಕಾಂತವಾದರೆ 1, ಆ ದಿಕ್ಕಿಗಾದರೆ 0. ಕರೆಂಟ್ ಹೋದರೂ ಕಾಂತತೆ ಹೋಗುವುದಿಲ್ಲ. ಹಾಗಾಗಿ ಕೊನೆಯ ಸಲ ಆಫ್ ಮಾಡಿದಾಗ ಮೆಮೊರಿಯಲ್ಲಿ ಏನಿತ್ತೋ ಅದು ದಶಕಗಳ ನಂತರವೂ ಅಲ್ಲೇ ಇರುತ್ತದೆ.

ತೊಂದರೆ ಇರುವುದು ಓದುವುದರಲ್ಲಿ. ಕೋರ್ ಓದಬೇಕಾದರೆ ಆ ಉಂಗುರಗಳನ್ನು ಬಲವಂತವಾಗಿ 0 ಕಡೆಗೆ ತಿರುಗಿಸಬೇಕು. ತಿರುಗಿದ ಉಂಗುರ ಸೆನ್ಸ್ ತಂತಿಯಲ್ಲಿ ಸಣ್ಣ ಮಿಡಿತ ಕೊಡುತ್ತದೆ, ಆಗ ಅಲ್ಲಿ 1 ಇತ್ತು ಅಂತ ಗೊತ್ತಾಗುತ್ತದೆ. ಅಷ್ಟರಲ್ಲಿ ಅಲ್ಲಿದ್ದದ್ದು ಅಳಿಸಿಹೋಗಿರುತ್ತದೆ. ಅದಕ್ಕೇ ಓದಿದ್ದನ್ನು ಅದೇ ಸುತ್ತಿನಲ್ಲಿ ಯಂತ್ರ ವಾಪಸ್ ಬರೆಯುತ್ತದೆ. ಸ್ಲೇಟನ್ನು ಒರೆಸುತ್ತಾ ಓದಿ, ಒರೆಸಿದ್ದನ್ನು ಕೂಡಲೇ ಮತ್ತೆ ಬರೆದಿಟ್ಟ ಹಾಗೆ. ಬರೆಯುವ ಕೈ ಕೆಟ್ಟಿದ್ದರೆ? ಓದಿದ್ದೆಲ್ಲ ಅಳಿಯುತ್ತಾ ಹೋಗುತ್ತದೆ.

ಅಂದರೆ ಕೆಟ್ಟ ಯಂತ್ರವನ್ನು ಸುಮ್ನೆ ಆನ್ ಮಾಡಿದರೆ, ಅದು ಯಾರದು, ಏನು ಮಾಡುತ್ತಿತ್ತು ಅನ್ನುವುದಕ್ಕೆ ಉಳಿದಿರುವ ಒಂದೇ ಸಾಕ್ಷಿಯನ್ನು ಅದೇ ಒರೆಸಿಬಿಡಬಹುದು. ಯಂತ್ರ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ಮೆಮೊರಿ ಬೇಕು. ಮೆಮೊರಿ ಹಾಕಬೇಕಾದರೆ ಯಂತ್ರ ಚೆನ್ನಾಗಿದೆ ಅಂತ ಗೊತ್ತಿರಬೇಕು.

"ಅಲ್ಲಪ್ಪಾ, ಒಳಗೆ ಏನಿದೆ ಅಂತಲೇ ಗೊತ್ತಿಲ್ಲ. ಅದಕ್ಕೆ ಇಷ್ಟು ಪಾಡು ಬೇಕಾ?" ಅಂದರು ಗೆಳೆಯರು.

"ಗೊತ್ತಿಲ್ಲ ಅಂತಲೇ ಬೇಕು ಸಾರ್," ಅಂದೆ.

ಅವರು ನಕ್ಕರು. ಆದರೆ ಕೋರ್ ಸ್ಟ್ಯಾಕ್, ಅಂದರೆ ಆ ಉಂಗುರಗಳ ಹೆಣಿಗೆ, ಇರುವ ಎಚ್220 ಬೋರ್ಡನ್ನು ಮೊದಲು ಹೊರತೆಗೆದು, ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಸುತ್ತಿ, ಬೀರುವಿನಲ್ಲಿ ಇಟ್ಟವರೂ ಅವರೇ.

ಸ್ಟ್ಯಾಕ್ ಇಲ್ಲದ ದುರಸ್ತಿ

ಮೊದಲ ಕೆಲಸ ಕ್ಲೀನಿಂಗು. ಮುಚ್ಚಳದ ಒಳಗೆ ಅಂಟಿಸಿದ್ದ ಸ್ಪಂಜು ಕರಗಿ ಕಪ್ಪು ಗೋಂದಾಗಿ ಬೋರ್ಡುಗಳ ನೆತ್ತಿಗೆಲ್ಲ ಮೆತ್ತಿಕೊಂಡಿತ್ತು. ಆ ಕಾಲದ ಪಾಲಿಯುರೆಥೇನ್ ಸ್ಪಂಜಿನ ಹಣೆಬರಹವೇ ಅದು. ಡೆಕ್‌ನ ಆರ್‌ಕೆ05 ಡಿಸ್ಕ್ ಡ್ರೈವ್‌ಗಳಲ್ಲಂತೂ ಇದೇ ಸ್ಪಂಜಿನ ಪುಡಿ ಉದುರಿ ಹೆಡ್ಡುಗಳು ಹಾಳಾಗುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ, ಮತ್ತೆ ಬೇಕಾದಷ್ಟು ತಾಳ್ಮೆ. ಬೇರೆ ಉಪಾಯ ಇಲ್ಲ.

ಆಮೇಲೆ ಪವರ್ ಸಪ್ಲೈ. ಈ ತರದ ಸಪ್ಲೈಯಲ್ಲಿ ಹೆದರಬೇಕಾದ್ದು ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿಗೆ. ಬಹಳ ವರ್ಷ ಸುಮ್ಮನೆ ಬಿದ್ದಿದ್ದರೆ ಒಳಗಿನ ಆಕ್ಸೈಡ್ ಪದರ ಸವೆಯುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಕರೆಂಟ್ ಸೋರಿ, ಬಿಸಿಯಾಗಿ, ಸಿಡಿಯಲೂಬಹುದು. ಒಂದೊಂದನ್ನೂ ಬಿಚ್ಚಿ, ಸರಣಿಯಲ್ಲಿ ರೆಸಿಸ್ಟರ್ ಹಾಕಿ, ಬೆಂಚ್ ಸಪ್ಲೈಯಿಂದ ನಿಧಾನಕ್ಕೆ ವೋಲ್ಟೇಜ್ ಏರಿಸಿದೆವು. ಸೋರುವ ಕರೆಂಟ್ ಮೊದಲು ಜಾಸ್ತಿ ಇದ್ದು, ಪದರ ಕಟ್ಟಿಕೊಂಡಂತೆ ಇಳಿಯುತ್ತಾ ಬರಬೇಕು. ಒಂದು ಇಳಿಯಲೇ ಇಲ್ಲ. ಅದನ್ನು ಬದಲಾಯಿಸಿದೆವು. ಉಳಿದವು ಈ ವಯಸ್ಸಿಗೆ ನಾಚಿಕೆ ಆಗುವಷ್ಟು ಚೆನ್ನಾಗಿದ್ದವು.

ಸಪ್ಲೈಯನ್ನು ಜೋಡಿಸಿದ ಮೇಲೂ ಬೋರ್ಡುಗಳಿಗೆ ಕೊಡಲಿಲ್ಲ. ಕಾರಿನ ಹೆಡ್‌ಲೈಟ್ ಬಲ್ಬುಗಳನ್ನು ಲೋಡ್ ಆಗಿ ಕಟ್ಟಿ ಓಡಿಸಿದೆವು. ಟಿಟಿಎಲ್ ಚಿಪ್ಪು ತಡೆಯುವುದು 7 ವೋಲ್ಟ್‌ವರೆಗೆ. 5 ಬರಬೇಕಾದ ಕಡೆ ರೆಗ್ಯುಲೇಟರ್ ಕೈಕೊಟ್ಟು ಅದನ್ನು ಮೀರಿದರೆ ಚಿಪ್ಪುಗಳೆಲ್ಲ ಒಟ್ಟಿಗೇ ಹೋಗುತ್ತವೆ. ಬಲ್ಬು ಹೋದರೆ ಏನಂತೆ?

ಇಲ್ಲಿ ನಾವು ಹೆಚ್ಚಾಗಿ ಗಮನ ಕೊಟ್ಟದ್ದು ವೋಲ್ಟೇಜಿಗಲ್ಲ, 'ಪವರ್ ಓಕೆ' ಅನ್ನುವ ಒಂದು ಸಿಗ್ನಲ್‌ಗೆ. ವೋಲ್ಟೇಜುಗಳೆಲ್ಲ ನೆಲೆಗೊಂಡ ಮೇಲೆ ಇದು ಏಳಬೇಕು. ಆಫ್ ಮಾಡುವಾಗ ವೋಲ್ಟೇಜ್ ಬೀಳುವುದಕ್ಕೆ ಮುಂಚೆ ಇಳಿಯಬೇಕು. ಈ ಹೊತ್ತು ತಪ್ಪಿದರೆ ಅರ್ಧ ಜೀವದ ಬೋರ್ಡುಗಳು ಕೋರ್ ತಂತಿಗಳಿಗೆ ಮನಸ್ಸಿಗೆ ಬಂದಂತೆ ಕರೆಂಟ್ ತಳ್ಳಬಹುದು. ಸ್ಕೋಪಿನಲ್ಲಿ (ಸಿಗ್ನಲ್ಲನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಏರುವುದನ್ನೂ ಇಳಿಯುವುದನ್ನೂ ಮತ್ತೆ ಮತ್ತೆ ನೋಡಿ ಖಾತ್ರಿ ಮಾಡಿಕೊಂಡೆವು.

ಪ್ರೊಸೆಸರ್ ಪರೀಕ್ಷೆಗೆ ಇನ್ನೊಬ್ಬ ಹವ್ಯಾಸಿ ತಮ್ಮ 8/ಇ ಯಂತ್ರದ ಮೆಮೊರಿ ಸೆಟ್ ಕೊಟ್ಟರು. ಈ ಹವ್ಯಾಸದಲ್ಲಿ ಇಂಥ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ಏನೂ ನಡೆಯುವುದಿಲ್ಲ. ಮುಂಭಾಗದ ಸ್ವಿಚ್ಚುಗಳಿಂದ 0200ನೇ ವಿಳಾಸದಲ್ಲಿ 7001, 0201ರಲ್ಲಿ 5200 ಹಾಕಿದೆವು (ಇವೆಲ್ಲ ಆಕ್ಟಲ್, ಅಂದರೆ 0ರಿಂದ 7ರವರೆಗಿನ ಅಂಕಿಗಳಷ್ಟೇ ಇರುವ ಸಂಖ್ಯೆಗಳು). ಎಸಿಗೆ (ಲೆಕ್ಕ ನಡೆಯುವ ರಿಜಿಸ್ಟರ್, ಅಕ್ಯುಮುಲೇಟರ್) ಒಂದು ಕೂಡಿಸು, ಮತ್ತೆ ಮೊದಲಿಗೆ ಹೋಗು, ಅಷ್ಟೇ. ಒಂದೊಂದೇ ಹೆಜ್ಜೆ ನಡೆಸಿ ನೋಡಿದರೆ ಎಸಿಯ ಒಂದು ಬಿಟ್ ಸದಾ ಉರಿಯುತ್ತಿತ್ತು. ಪ್ರೊಸೆಸರ್ ಬೋರ್ಡುಗಳನ್ನು ನೆತ್ತಿಯ ಮೇಲೆ ಜೋಡಿಸುವ ಕನೆಕ್ಟರ್ ಕಿಲುಬು ಹಿಡಿದಿತ್ತು. ಒರೆಸಿ ಹಾಕಿದ ಮೇಲೆ ಸರಿಹೋಯಿತು. ಸೀರಿಯಲ್ ಬೋರ್ಡಿನಲ್ಲೂ ಒಂದು ಚಿಪ್ಪು ಹೋಗಿತ್ತು, ಅದರಲ್ಲಿ ಹೇಳುವಂಥದ್ದೇನಿಲ್ಲ.

512 ಸೊನ್ನೆಗಳು

ನಮ್ಮ ಯಂತ್ರದ ಮೆಮೊರಿ ಮೂರು ಬೋರ್ಡು. ಉಂಗುರಗಳಿರುವ ಎಚ್220, ಸೆನ್ಸ್ ಮತ್ತು ಇನ್‌ಹಿಬಿಟ್ (0 ಬರೆಯಬೇಕಾದ ಕಡೆ ಉಂಗುರ 1ಕ್ಕೆ ತಿರುಗದಂತೆ ತಡೆಯುವುದು) ನೋಡಿಕೊಳ್ಳುವ ಜಿ104, ಉಂಗುರಗಳನ್ನು ಆರಿಸುವ ಎಕ್ಸ್-ವೈ ತಂತಿಗಳಿಗೆ ಕರೆಂಟ್ ಕೊಡುವ ಜಿ227. ಎಚ್220 ಬೀರುವಿನಲ್ಲೇ ಇತ್ತು. ಉಳಿದ ಎರಡನ್ನು ಆ ಹವ್ಯಾಸಿಯ ಯಂತ್ರಕ್ಕೆ, ಅವರ ಸ್ಟ್ಯಾಕ್ ಜೊತೆ ಹಾಕಿದೆವು. ಅವರ ಸ್ಟ್ಯಾಕಿನಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಹೆಚ್ಚಿನ ವಿಳಾಸಗಳು ಬರೆದಿದ್ದನ್ನು ಸರಿಯಾಗಿ ವಾಪಸ್ ಕೊಟ್ಟವು. ಆದರೆ 0500ರಿಂದ 0577ರವರೆಗೆ ಏನು ಬರೆದರೂ 0000. 1500ರಿಂದ 1577, ಅಲ್ಲೂ ಅದೇ. 2500, 3500, ಹೀಗೇ 7577ರವರೆಗೆ. ನಾಲ್ಕಂಕಿಯ ಆಕ್ಟಲ್ ವಿಳಾಸದಲ್ಲಿ ಎರಡನೇ ಅಂಕಿ 5 ಇದ್ದರೆ ಸಾಕು, ಸೊನ್ನೆ. ಒಟ್ಟು 512 ಜಾಗ.

ಕೋರ್ ಮೆಮೊರಿಯ ದೋಷ ಹುಡುಕುವುದು ನನಗೆ ಇಷ್ಟವಾಗುವುದು ಇದಕ್ಕೇ. ದೋಷದ ಆಕಾರವೇ ಜಾಗ ತೋರಿಸುತ್ತದೆ. ಎಲ್ಲ ವಿಳಾಸಗಳಲ್ಲೂ ಒಂದೇ ಬಿಟ್ ತಪ್ಪಿದ್ದರೆ ಆ ಬಿಟ್ಟಿನ ಸೆನ್ಸ್ ಅಥವಾ ಇನ್‌ಹಿಬಿಟ್ ಸರ್ಕ್ಯೂಟು. 4096 ಜಾಗ ಅಂದರೆ 64 ಎಕ್ಸ್ ತಂತಿ, 64 ವೈ ತಂತಿ. ಒಂದೇ ತಂತಿ ಹೋದರೆ 64 ಜಾಗ ಹೋಗುತ್ತವೆ, ಆಗ ಸ್ಟ್ಯಾಕಿನ ಒಂದು ಡಯೋಡ್ ಮೇಲೆ ಅನುಮಾನ. ಆ 64 ತಂತಿಗಳನ್ನು ಆರಿಸುವುದು ಎಂಟೆಂಟು ಸ್ವಿಚ್ಚುಗಳ ಎರಡು ಗುಂಪು, ಒಂದೊಂದು ಗುಂಪಿಗೆ ಒಂದೊಂದು ಆಕ್ಟಲ್ ಅಂಕಿ. ಒಂದು ಸ್ವಿಚ್ ಹೋದರೆ ಎಂಟು ತಂತಿ ಹೋದವು. ಎಂಟು ಗುಣಿಸು ಅರವತ್ನಾಲ್ಕು, ಐನೂರ ಹನ್ನೆರಡು. ಬೇರೆ ಒಳ್ಳೆಯ ಸ್ಟ್ಯಾಕ್ ಹಾಕಿದಾಗಲೂ ಹೀಗೇ ಆಯಿತು ಅಂದರೆ ತಪ್ಪು ಜಿ227ರದ್ದೇ.

ಸ್ಕೋಪ್ ಹಾಕಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಆ ಎಂಟು ತಂತಿಗಳಲ್ಲಿ ಓದುವ ಕರೆಂಟ್ ಸರಿಯಾಗಿಯೇ ಹರಿಯುತ್ತಿತ್ತು. ಎದುರು ದಿಕ್ಕಿನ, ಬರೆಯುವ ಕರೆಂಟ್ ಮಾತ್ರ ಇಲ್ಲ. ಅಂದರೆ ನಮ್ಮ ಸ್ಟ್ಯಾಕ್ ಹಾಕಿ ಇದೇ ಬೋರ್ಡಿನಿಂದ ಓದಿದ್ದರೆ ಆ 512 ಪದಗಳೂ ಮುಟ್ಟಿದ ಕೂಡಲೇ ಅಳಿದುಹೋಗುತ್ತಿದ್ದವು. ಗೆಳೆಯರು ಸ್ಕೋಪಿನ ಪರದೆ ನೋಡಿ "ಅಬ್ಬಾ" ಅಂದರು.

ಹೋಗಿದ್ದದ್ದು ಒಂದು ಟ್ರಾನ್ಸಿಸ್ಟರ್. ಬದಲಾಯಿಸಿದೆವು. ಹಳೆಯದನ್ನು ಸಣ್ಣ ಕವರಿಗೆ ಹಾಕಿ, ಯಾವ ಬೋರ್ಡಿನ ಯಾವ ಜಾಗದ್ದು ಅಂತ ಚೀಟಿ ಬರೆದಿಟ್ಟೆವು. ಕೆಲವರು ಈ ಹಂತದಲ್ಲಿ ಕೋರ್ ಸೆಟ್ಟನ್ನೇ ತೆಗೆದು ಹೊಸ ಸೆಮಿಕಂಡಕ್ಟರ್ ಮೆಮೊರಿ ಬೋರ್ಡ್ ಹಾಕಿಬಿಡುತ್ತಾರೆ. ದಿನಾ ಓಡಿಸುವವರಿಗೆ ಅದು ಸಲೀಸು, ಬೇಡ ಅನ್ನುವುದಿಲ್ಲ. ಆದರೆ ಕೋರ್ ಇಲ್ಲದ 8/ಇ ನನಗೆ ಅಷ್ಟು ರುಚಿಸುವುದಿಲ್ಲ. ದೀಪ, ಸ್ವಿಚ್ಚುಗಳ ಮಜಾ ಸಾಕು ಅನ್ನುವವರಿಗೆ ಆಸ್ಕರ್ ವರ್ಮ್ಯೂಲೆನ್ ಅವರ ಪಿಡಿಪಿ-8 ಮಾದರಿಯ ಕಿಟ್ ಇದೆ, ಒಳಗೆ ರಾಸ್ಪ್‌ಬೆರಿ ಪೈ. ಮೇಜಿನ ಮೇಲೆ ಹಿಡಿಸುತ್ತದೆ, ಸೊಂಟವೂ ಉಳಿಯುತ್ತದೆ.

ಓದಿದ್ದು ಹೇಗೆ

ಈಗ ಎಚ್220 ಬೀರುವಿನಿಂದ ಹೊರಬಂತು. ಹಾಲ್ಟ್ ಸ್ವಿಚ್ ಕೆಳಗೆ ಒತ್ತಿಟ್ಟು ಆನ್ ಮಾಡಿದೆವು. ಮೊದಲು ಯಾವ ವಿಳಾಸ ಮುಟ್ಟಬೇಕು? 7756 ಅಂತ ಮೊದಲೇ ತೀರ್ಮಾನಿಸಿದ್ದೆವು. ಕಾಗದದ ಟೇಪಿನಿಂದ ಪ್ರೋಗ್ರಾಂ ಹಾಕುವ ಪಿಡಿಪಿ-8ಗಳಲ್ಲಿ ಮೊದಲು ಕೈಯಿಂದ ತುಂಬುವ ರಿಮ್ ಲೋಡರ್ ಕೂರುವುದು ಅಲ್ಲೇ. ಅದರ ಪದಗಳು ಎಲ್ಲರಿಗೂ ಬಾಯಿಪಾಠ. ಅಲ್ಲಿ ಅದೇ ಕಂಡರೆ ಓದುವುದು ಸರಿಯಿದೆ ಅಂತ ಕೂಡಲೇ ಗೊತ್ತಾಗುತ್ತದೆ. ಅಕಸ್ಮಾತ್ ಅಳಿದರೂ ನಷ್ಟವಿಲ್ಲ.

ವಿಳಾಸ ಹಾಕಿ ಎಕ್ಸಾಮ್ (ಆ ವಿಳಾಸದ ಪದ ತೋರಿಸುವ ಸ್ವಿಚ್) ಒತ್ತಿದರೆ ದೀಪಗಳಲ್ಲಿ 6032. ಮುಂದಿನದು 6031. ಆಮೇಲೆ 5357. ರಿಮ್ ಲೋಡರೇ! ಮತ್ತೆ 7756ಕ್ಕೆ ಹೋಗಿ ಒತ್ತಿದರೆ ಮತ್ತೆ 6032. ಅಂದರೆ ವಾಪಸ್ ಬರೆಯುವುದೂ ಸರಿಯಿದೆ. ಲೋಡರ್ ಪೂರ್ತಿ ನೋಡಿದೆವು. ಅದರ ಪದಗಳಲ್ಲಿ ಹನ್ನೆರಡು ಬಿಟ್‌ಗಳೂ ಒಂದಲ್ಲ ಒಂದು ಕಡೆ 1 ಆಗುತ್ತವೆ, ಹಾಗಾಗಿ ಯಾವ ಬಿಟ್ಟೂ ಸತ್ತಿಲ್ಲ ಅನ್ನುವುದೂ ತಿಳಿಯಿತು.

ಉಳಿದದ್ದನ್ನು 4096 ಸಲ ಎಕ್ಸಾಮ್ ಒತ್ತಿ ಕಾಗದದ ಮೇಲೆ ಬರೆದುಕೊಳ್ಳಬಹುದಿತ್ತು. ಬೆರಳಿನ ಗತಿ ಬೇರೆ, ತಪ್ಪುಗಳ ಗತಿ ಬೇರೆ. ಮೆಮೊರಿಯಲ್ಲಿರುವುದನ್ನೆಲ್ಲ ಹೊರಗೆ ಕಳಿಸುವ ಒಂದು ಡಂಪ್ ಪ್ರೋಗ್ರಾಂ ಬೇಕಿತ್ತು. ಅದನ್ನು ಎಲ್ಲಿ ಹಾಕಿದರೂ ಅಲ್ಲಿದ್ದದ್ದು ಹೋಗುತ್ತದೆ, ಅಲ್ವಾ? ರಿಮ್ ಲೋಡರಿನ ಜಾಗ ಮಾತ್ರ ಬಿಟ್ಟಿ ಜಾಗ. ಅಲ್ಲಿ ಏನಿದೆ ಅಂತ ಗೊತ್ತೇ ಇದೆ, ಮತ್ತೆ ತುಂಬಬಹುದು. ಆ ಲೋಡರ್ ಇರುವುದು 17 ಪದಗಳಲ್ಲಿ. ಡಂಪ್ ಪ್ರೋಗ್ರಾಂ ಅಷ್ಟರಲ್ಲೇ ಮುಗಿಯಬೇಕು.

ಮುಗಿಯಿತು, 15 ಪದಗಳಲ್ಲಿ. ಸೂಚಿಯಲ್ಲಿರುವ ವಿಳಾಸದ ಪದವನ್ನು ಎಸಿಗೆ ತಾ. 7002 ಆದೇಶದಿಂದ ಎರಡು ಅರ್ಧಗಳನ್ನು ಅದಲುಬದಲು ಮಾಡು. (ಈ ಆದೇಶ ಹಳೆಯ ಪಿಡಿಪಿ-8ರಲ್ಲಿ ಇರಲಿಲ್ಲ, 8/ಇ ಆದದ್ದು ನಮ್ಮ ಅದೃಷ್ಟ.) ಸೀರಿಯಲ್‌ಗೆ ಕಳಿಸು, ಮುಗಿಯುವವರೆಗೆ ಕಾಯಿ, ಎಸಿ ಒರೆಸು. ಅದೇ ಪದವನ್ನು ಮತ್ತೆ ತಂದು, ಈ ಸಲ ಹಾಗೆಯೇ ಕಳಿಸು. ಸೂಚಿಯನ್ನು ಒಂದು ಹೆಚ್ಚಿಸು. ಹೆಚ್ಚಿಸುವ ಐಎಸ್‌ಝಡ್ ಆದೇಶಕ್ಕೆ ಒಂದು ಗುಣ ಇದೆ: ಫಲಿತ ಸೊನ್ನೆಯಾದರೆ ಮುಂದಿನ ಆದೇಶವನ್ನು ಹಾರಿಬಿಡುತ್ತದೆ. 7777 ದಾಟಿ 0000ಕ್ಕೆ ತಿರುಗಿದಾಗ ತಾನಾಗಿಯೇ ಜಿಗಿದು ಹಾಲ್ಟ್‌ಗೆ ಬರುತ್ತದೆ. ಬೇರೆ ಎಣಿಕೆ ಇಡುವ ಕೆಲಸವೇ ಇಲ್ಲ. ಮೇಲಿನ ಹೆಚ್ಚುವರಿ ಬಿಟ್‌ಗಳನ್ನು ತೆಗೆದುಹಾಕುವುದು ಈ ಕಡೆಯ ಲ್ಯಾಪ್‌ಟಾಪಿನ ಪಾಲಿಗೆ ಬಿಟ್ಟೆವು.

ಟೆಲಿಟೈಪಿನ (ಕೀಲಿಮಣೆಯೂ ಮುದ್ರಕವೂ ಒಂದಾಗಿದ್ದ ಆ ಕಾಲದ ಯಂತ್ರ) ವೇಗ 110 ಬಾಡ್, ಅಂದರೆ ಸೆಕೆಂಡಿಗೆ 10 ಅಕ್ಷರ. 8192 ಅಕ್ಷರಕ್ಕೆ 14 ನಿಮಿಷದ ಹತ್ತಿರ. ಕರೆಂಟ್ ಲೂಪಿನಿಂದ ಯುಎಸ್‌ಬಿಗೆ ಬದಲಿಸುವ ಒಂದು ಸಣ್ಣ ಬೋರ್ಡು ನಡುವೆ. ಯಂತ್ರ ಹಾಲ್ಟ್ ಆಗಿ ನಿಂತಾಗ ಫೈಲಿನ ಗಾತ್ರ ಸರಿಯಾಗಿ 8192 ಬೈಟ್. ಇನ್ನೊಂದು ಸಲ ಓಡಿಸಿ, ಎರಡು ಫೈಲುಗಳನ್ನು ಹೋಲಿಸಿದೆವು. ಒಂದು ಪದ ಬದಲಾಗಿದ್ದರೂ ಚಿಂತೆ ಮಾಡಬೇಕಿತ್ತು. ಬದಲಾಗಿರಲಿಲ್ಲ.

ಒಳಗಿದ್ದದ್ದು

ಫೋಕಲ್-69. ಡೆಕ್‌ನಲ್ಲಿದ್ದ ರಿಚರ್ಡ್ ಮೆರಿಲ್ ಮಾಡಿದ ಭಾಷೆ. ಬೇಸಿಕ್ ತರದ್ದೇ, ಆದರೆ 4096 ಪದಗಳಲ್ಲಿ ಇಂಟರ್‌ಪ್ರಿಟರೂ ನಿಮ್ಮ ಪ್ರೋಗ್ರಾಮೂ ಎರಡೂ ಹಿಡಿಸಬೇಕು. ಡೆಕ್ ಹೊರತಂದ ಫೋಕಲ್ ಟೇಪಿನ ಪ್ರತಿ ಇವತ್ತಿಗೂ ಸಿಗುತ್ತದೆ. ಅದರ ಜೊತೆ ನಮ್ಮ ಫೈಲನ್ನು ಇಟ್ಟು ಹೋಲಿಸಿದೆವು. ಹೆಚ್ಚಿನದೆಲ್ಲ ಪದಕ್ಕೆ ಪದ ಒಂದೇ. ಕೋರ್ ಇಷ್ಟು ವರ್ಷ ಇಟ್ಟುಕೊಂಡದ್ದರಲ್ಲಿ ತಪ್ಪಿಲ್ಲ ಅನ್ನುವುದಕ್ಕೆ ಅದೇ ಪುರಾವೆ.

ವ್ಯತ್ಯಾಸ ಇದ್ದದ್ದು ಎರಡು ಕಡೆ. ಒಂದು, ಬಳಕೆದಾರರ ಪ್ರೋಗ್ರಾಂ ಕೂರುವ ಜಾಗ. ಆರಾರು ಬಿಟ್‌ನ ಅಕ್ಷರಗಳನ್ನು ಬಿಡಿಸಿದರೆ ಚಿಕ್ಕದೊಂದು ಪ್ರೋಗ್ರಾಂ ಎದ್ದು ಬಂತು. ಆಸ್ಕ್‌ನಿಂದ ಎಷ್ಟು ಸಲ ಅಂತ ಕೇಳುತ್ತದೆ, ಫಾರ್‌ನಿಂದ ಅಷ್ಟು ಸಲ ಸುತ್ತುತ್ತದೆ, ಸೆಟ್‌ನಿಂದ ಕೂಡಿಸುತ್ತಾ ಹೋಗುತ್ತದೆ, ಸರಾಸರಿಯನ್ನು ಒಂದು ಸಂಖ್ಯೆಯಿಂದ ಗುಣಿಸಿ ಟೈಪ್ ಮಾಡುತ್ತದೆ. ಅದರ ಕೆಲವು ಸಾಲುಗಳು ಸರಿಯಾಗಿ ಆ 512 ಜಾಗಗಳೊಳಗೇ ಇದ್ದವು.

ಕೂಡಿಸುತ್ತಿದ್ದದ್ದು ಏನನ್ನು ಅಂದರೆ ಎಫ್‌ಎಡಿಸಿ ಅನ್ನುವ ಫಂಕ್ಷನ್ನಿನ ಬೆಲೆಯನ್ನು. ಫೋಕಲ್‌ನಲ್ಲಿ ಈ ಹೆಸರು ಇದೆ, ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸುವ ಹಾರ್ಡ್‌ವೇರ್ ಇದ್ದವರಿಗಾಗಿ ಕಾದಿರಿಸಿದ್ದು. ಎರಡನೇ ವ್ಯತ್ಯಾಸ ಇದಕ್ಕೇ ಸೇರಿದ್ದು. ಇಂಟರ್‌ಪ್ರಿಟರಿನ ಫಂಕ್ಷನ್ ಪಟ್ಟಿಯಲ್ಲಿ ಎಫ್‌ಎಡಿಸಿಯ ವಿಳಾಸವನ್ನು ಯಾರೋ ಬದಲಾಯಿಸಿ, ಖಾಲಿ ಜಾಗದಲ್ಲಿ ಪುಟ್ಟ ತುಣುಕೊಂದನ್ನು ಸೇರಿಸಿದ್ದರು. ಅದರಲ್ಲಿ 6532 ಮತ್ತು 6533 ಇದ್ದವು. ಸಾಧನ ಸಂಖ್ಯೆ 53. ಡೆಕ್‌ನ ಎಡಿ8-ಇಎ ಕನ್ವರ್ಟರ್ ಬಳಸುವ ಸಂಖ್ಯೆ ಅದು. ಒಂದು ಆದೇಶ ಅಳತೆ ಶುರು ಮಾಡಿಸುತ್ತದೆ, ಇನ್ನೊಂದು ಉತ್ತರ ತರುತ್ತದೆ.

ಮತ್ತೆ ಚಾಸಿಸ್ ನೋಡಿದೆವು. ತುಂಬಿದ ಬೋರ್ಡುಗಳ ನಡುವೆ ಎರಡು ಸ್ಲಾಟು ಖಾಲಿ ಇದ್ದದ್ದು ಮೊದಲ ದಿನವೇ ಕಂಡಿತ್ತು. ಯಾರೋ ಬಿಡಿ ಭಾಗಕ್ಕೆ ತೆಗೆದಿರಬೇಕು ಅಂದುಕೊಂಡು ಅಲ್ಲಿಗೇ ಬಿಟ್ಟಿದ್ದೆವು. ಹಿಂಬದಿಯಲ್ಲಿ ಎಲ್ಲಿಗೂ ಹೋಗದ ಒಂದು ಚಪ್ಪಟೆ ಕೇಬಲ್ಲೂ ಇತ್ತು. ಈಗ ಎರಡಕ್ಕೂ ಅರ್ಥ ಬಂತು. ಇದು ಲೆಕ್ಕ ಬರೆಯುವ ಯಂತ್ರವಲ್ಲ. ಯಾವುದೋ ಪ್ರಯೋಗಕ್ಕೆ ತಂತಿ ಕಟ್ಟಿಕೊಂಡು ಅಳತೆ ತೆಗೆಯುತ್ತಿದ್ದದ್ದು.

ಡೆಕ್‌ನಲ್ಲೇ ದುಡಿದ ಬಾಬ್ ಸಪ್ನಿಕ್ ಶುರು ಮಾಡಿದ ಸಿಮ್‌ಎಚ್ ಎಮ್ಯುಲೇಟರಿನಲ್ಲಿ (ಹಳೆಯ ಯಂತ್ರದಂತೆಯೇ ನಡೆಯುವ ಪ್ರೋಗ್ರಾಂ) ನಮ್ಮ ಫೈಲನ್ನು ಹಾಕಿ ಫೋಕಲ್ ಶುರು ಮಾಡಿದಾಗ ಪ್ರೋಗ್ರಾಂ ಎಷ್ಟು ಸಲ ಅಂತ ಕೇಳಿತು. ಕೊಟ್ಟ ಸಂಖ್ಯೆಗೆ ಸೊನ್ನೆ ಅಂದಿತು. ಕನ್ವರ್ಟರೇ ಇಲ್ಲವಲ್ಲ, ಇನ್ನೇನು ಹೇಳೀತು? ನಿಜವಾದ ಯಂತ್ರದಲ್ಲೂ ಈಗ ಅದೇ ಉತ್ತರ.

ಈ ಕೆಲಸ ಆದ ಮೇಲಷ್ಟೇ ಡೆಕ್‌ನ ಮೇನ್‌ಡೆಕ್ ಅನ್ನುವ, ಯಂತ್ರದ ದೋಷ ಹುಡುಕುವ ಪರೀಕ್ಷೆಗಳನ್ನು ಓಡಿಸಿದ್ದು. ಅವು ಮೆಮೊರಿಯನ್ನು ಪೂರ್ತಿ ತುಳಿದು ಹಾಕುತ್ತವೆ. ಎಲ್ಲ ಪಾಸಾದವು. ಗೆಳೆಯರು ಈಗ ಒಂದು ಎಎಸ್‌ಆರ್-33 ಟೆಲಿಟೈಪನ್ನೂ ತಂದಿದ್ದಾರೆ, ಅದರ ಸುತ್ತಿಗೆಯ ರಬ್ಬರ್ ಎಂದಿನಂತೆ ಕರಗಿ ಅಂಟಾಗಿದೆ. ಅವರಿಗೆ ಅದರ ಕಡೆ ಗಮನವಿಲ್ಲ. ಎಡಿ8-ಇಎಯ ಬೋರ್ಡುಗಳನ್ನು ಹುಡುಕುತ್ತಿದ್ದಾರೆ. ಒಂದು ಸೆಟ್ ಮಾರಾಟಕ್ಕೆ ಬಂದಿತ್ತು, ಮಾರುವವರು ಹೇಳಿದ ಬೆಲೆಗೆ ಇನ್ನೊಂದು ಅರ್ಧ ಯಂತ್ರ ಬರುತ್ತಿತ್ತು. ಸರ್ಕ್ಯೂಟ್ ನಕ್ಷೆಗಳು ಸಿಕ್ಕಿವೆ. ಕೊಳ್ಳುವುದಕ್ಕಿಂತ ಹೊಸದಾಗಿ ಮಾಡಿಬಿಡೋಣ ಅನ್ನುವುದು ನನ್ನ ಮಾತು. ಡೆಕ್‌ನದ್ದೇ ಆಗಬೇಕು ಅನ್ನುವುದು ಅವರ ಹಟ.